ಮಗಳ ಸ್ಪರ್ಧೆಯ ಭಾಷಣದಲ್ಲಿ ‘ವಾಲ್ಮೀಕಿ ಹೇಳಿದಂತೆ’ ಎಂದು ಲಕ್ಷ್ಮಣರೇಖೆ ಬಂದಿದೆ, ಹುಡುಕಿದರೂ ಶ್ಲೋಕ ಸಿಗಲಿಲ್ಲ. ಅದು ಯಾವ ಸರ್ಗದಲ್ಲಿ (ಅಧ್ಯಾಯದಲ್ಲಿ) ಇದೆ?

ವಾಲ್ಮೀಕಿ ರಾಮಾಯಣದಲ್ಲಿ ಸೀತೆಯ ಕಾವಲಿಗೆ ಲಕ್ಷ್ಮಣ ಎಳೆದ ಆ ಗೆರೆಯೇ ಇಲ್ಲ, ಅದಕ್ಕೇ ನಿಮಗೆ ಶ್ಲೋಕ ಸಿಕ್ಕಿಲ್ಲ. ಮೊದಲು ಅರಣ್ಯಕಾಂಡದ 45ನೇ ಸರ್ಗ ತೆರೆಯಿರಿ. ಮುದ್ರಣ ಬೇರೆಯಾದರೆ ಸಂಖ್ಯೆ ಒಂದೆರಡು ಹಿಂದೆ ಮುಂದೆ ಆಗಬಹುದು. ಸೀತೆಯ ಚುಚ್ಚುಮಾತಿಗೆ ನೊಂದ ಲಕ್ಷ್ಮಣ, ವನದೇವತೆಗಳು ನಿನ್ನನ್ನು ಕಾಯಲಿ ಎಂದು ಹೇಳಿ ಹೊರಡುತ್ತಾನೆ, ಗೆರೆ ಎಳೆಯುವುದಿಲ್ಲ. ಕರುಳು ಕಿವುಚುವ ಜಾಗ ಅದು, ಮಗಳಿಗೂ ಓದಿ ಹೇಳಿ.

ಗೆರೆಯ ಕಥೆ ಆಮೇಲಿನ ರಾಮಾಯಣಗಳದ್ದು. ತುಳಸೀದಾಸರ ರಾಮಚರಿತಮಾನಸದ ಲಂಕಾಕಾಂಡದಲ್ಲಿ ಮಂಡೋದರಿ ರಾವಣನಿಗೆ, ಲಕ್ಷ್ಮಣ ಎಳೆದ ಸಣ್ಣ ಗೆರೆಯನ್ನೂ ನೀವು ದಾಟಲಾಗಲಿಲ್ಲ ಅಂತ ನೆನಪಿಸುತ್ತಾಳೆ.

ಈಗ ಮಗಳ ಭಾಷಣದಲ್ಲಿ ‘ವಾಲ್ಮೀಕಿ ಹೇಳಿದಂತೆ’ ತೆಗೆದು ‘ಜನರ ಬಾಯಲ್ಲಿರುವ ರಾಮಕಥೆಯಲ್ಲಿ’ ಅಂತ ಹಾಕಿ. ಲಕ್ಷ್ಮಣರೇಖೆ ಅಂದರೆ ಅರ್ಥ, ದಾಟಬಾರದ ಮಿತಿ. ‘ಜಗಳಕ್ಕೂ ಒಂದು ಲಕ್ಷ್ಮಣರೇಖೆ ಬೇಕು’ ಅಂತ ನಮ್ಮ ಮೈಸೂರಲ್ಲಿ ಹೇಳ್ತೀವಲ್ವಾ, ಆ ಉದಾಹರಣೆ ಸಾಕು. ತೀರ್ಪುಗಾರರು ಕೇಳಬಹುದು, ಸರ್ಗದ ಸಂಖ್ಯೆ ಬರೆದುಕೊಡಿ.