ತಟ್ಟೆ ಹಾಗಿರಲಿ, ಫೈಲು ತೋರಿಸಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಉದ್ದದ ಕಾಗದ ಬರೆದಿದ್ದಾರೆ. ಅಮೆರಿಕದ ವಾಯುಪಡೆ ಹಾರುವ ತಟ್ಟೆಗಳ ಬಗ್ಗೆ ವರ್ಷಗಟ್ಟಲೆ ತನಿಖೆ ಮಾಡಿತು, ಏನೂ ಇಲ್ಲದಿದ್ದರೆ ಮಿಲಿಟರಿಯವರು ಯಾಕೆ ತಲೆ ಕೆಡಿಸಿಕೊಳ್ಳುತ್ತಿದ್ದರು, 701 ಪ್ರಕರಣ ಅವರಿಗೇ ಬಗೆಹರಿಯಲಿಲ್ಲವಲ್ಲ, ನೀವು ಪತ್ರಿಕೆಯವರು ಯಾಕೆ ಮುಚ್ಚಿಡುತ್ತೀರಿ ಎಂದು ಕೇಳಿದ್ದಾರೆ.

ಸ್ವಾಮಿ, ಮುಚ್ಚಿಡಲು ನಮ್ಮ ಹತ್ತಿರ ಏನಿದೆ? ಆದರೂ ಇಷ್ಟು ಓದಿಕೊಂಡು ಬರೆಯುವವರು ಈಗ ಕಡಿಮೆ, ಅದಕ್ಕೇ ಈ ಉತ್ತರ.

ನಿಮ್ಮ ಲೆಕ್ಕ ಸರಿಯಾಗಿದೆ. 1947ರಿಂದ 1969ರವರೆಗೆ ಬಂದ 12,618 ವರದಿಗಳಲ್ಲಿ 701ಕ್ಕೆ ಪ್ರಾಜೆಕ್ಟ್ ಬ್ಲೂ ಬುಕ್‌ನವರು, ಅಂದರೆ ನೀವು ಹೇಳುವ ವಾಯುಪಡೆ ತನಿಖೆಯವರು, ಉತ್ತರ ಕೊಡಲಾಗಲಿಲ್ಲ. ಬೇರೆ ಎಲ್ಲೋ ಜೀವಿಗಳು ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗುರುತು ಸಿಗಲಿಲ್ಲ ಅಂದರೆ ಗುರುತು ಸಿಗಲಿಲ್ಲ ಅಂತ, ಅಷ್ಟೇ. ನೀವು ಹೇಳದೆ ಬಿಟ್ಟಿದ್ದು ಒಂದಿದೆ. ಆ ಫೈಲುಗಳೆಲ್ಲ ಇವತ್ತು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಯಾರು ಬೇಕಾದರೂ ಓದಬಹುದು. ನನಗೆ ತಟ್ಟೆಗಿಂತ ಇದೇ ದೊಡ್ಡ ಅದ್ಭುತ.

ಹಾಗಂತ ಅವರೇನೂ ಸತ್ಯಹರಿಶ್ಚಂದ್ರರಲ್ಲ. 1948ರ ಜನವರಿ 7ರಂದು ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ಎಂಬ ಪೈಲಟ್ ಆಕಾಶದಲ್ಲಿ ಹೊಳೆಯುತ್ತಿದ್ದ ಯಾವುದನ್ನೋ ಬೆನ್ನಟ್ಟಿ ಮೇಲೇರುತ್ತಾ ಹೋದರು. ವಿಮಾನದಲ್ಲಿ ಆಮ್ಲಜನಕದ ವ್ಯವಸ್ಥೆ ಇರಲಿಲ್ಲ. ಇಪ್ಪತ್ತು ಸಾವಿರ ಅಡಿ ದಾಟಿದ ಮೇಲೆ ಪ್ರಜ್ಞೆ ತಪ್ಪಿರಬೇಕು, ವಿಮಾನ ಬಿದ್ದು ಸತ್ತರು. ವಾಯುಪಡೆ ಮೊದಲು ಹೇಳಿದ್ದೇನು ಗೊತ್ತಾ? ಅವರು ನೋಡಿದ್ದು ಶುಕ್ರ ಗ್ರಹ! ಮಟಮಟ ಮಧ್ಯಾಹ್ನ! ಅದು ನೌಕಾಪಡೆಯ ಸ್ಕೈಹುಕ್ ಎಂಬ ದೈತ್ಯ ಬಲೂನ್ ಇರಬೇಕು ಎಂದು ಆಮೇಲೆ ಹೊರಬಿತ್ತು. ಆಗ ಅದು ಗುಟ್ಟು, ತನಿಖೆ ಮಾಡುವವರಿಗೇ ಗೊತ್ತಿರಲಿಲ್ಲ. ತಟ್ಟೆಯೇ ಬಿತ್ತೆಂದು ಜನ ನಂಬುವ ನ್ಯೂ ಮೆಕ್ಸಿಕೋದ ರಾಸ್ವೆಲ್‌ನದ್ದೂ ಇದೇ ಕಥೆ. ಅಲ್ಲಿ 1947ರಲ್ಲಿ ಬಿದ್ದದ್ದು ರಷ್ಯಾದ ಅಣುಪರೀಕ್ಷೆಯ ಸದ್ದು ಹಿಡಿಯಲು ಹಾರಿಸಿದ ಬಲೂನಿನ ಚೂರು ಎಂದು ವಾಯುಪಡೆ ಬಾಯಿ ಬಿಟ್ಟಿದ್ದು 1994ರಲ್ಲಿ. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಜನ ಕಥೆ ಕಟ್ಟದೆ ಇರುತ್ತಾರಾ?

ಈಗ ನಮ್ಮ ಕಡೆಗೆ ಬನ್ನಿ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ವಿಚಿತ್ರ ಬೆಳಕುಗಳನ್ನು 329 ಸಲ ಕಂಡು ಬರೆದಿಟ್ಟರು. ಚೀನಾದ ಡ್ರೋನ್ ಎಂಬ ಅನುಮಾನ. ಕೊನೆಗೆ ಕೇಳಿದ್ದು ಯಾರನ್ನು? ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು. ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತೇ ನಡೆಸುವವರು ಇವರು. ನೋಡಿದರೆ ಒಂದು ಗುರು, ಇನ್ನೊಂದು ಶುಕ್ರ, ನಮ್ಮ ಅಜ್ಜಿಯರ ಬೆಳ್ಳಿ ಚುಕ್ಕಿ. ಕೆಂಟಕಿಯಲ್ಲಿ ನೆಪವಾಗಿದ್ದ ಶುಕ್ರ ಇಲ್ಲಿ ನಿಜವಾಗಿಯೂ ಇತ್ತು. ಟಿವಿಯವರು ನಕ್ಕರು, ನನಗೆ ನಗು ಬರಲಿಲ್ಲ. ಆ ಚಳಿಯಲ್ಲಿ ನಿಂತು ಕಂಡದ್ದನ್ನೆಲ್ಲ ಬರೆದಿಟ್ಟು, ಗುಂಡು ಹಾರಿಸದೆ ಗೊತ್ತಿದ್ದವರನ್ನು ಕೇಳಿದ್ದಾರಲ್ಲ, ತನಿಖೆ ಅಂದರೆ ಅದು.

ಆದರೆ ಆ ವರದಿಯೂ ನಮಗೆ ಗೊತ್ತಾಗಿದ್ದು ಪೇಪರ್‌ನಿಂದ. 1962ರ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಹೊರಗೆ ಬಿಟ್ಟಿಲ್ಲ, ಪಕ್ಷ ಯಾವುದೇ ಬರಲಿ. ಗಡಿಯ ಮಾತು ಬಿಡಿ, ನಾನು ನಮ್ಮ ಬಡಾವಣೆ ಪಕ್ಕದ ಕೆರೆಯ ಹಳೇ ಸರ್ವೆ ನಕಾಶೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಬಂದ ಉತ್ತರ ಒಂದೇ ಸಾಲು: 'ಸದರಿ ಕಡತ ಲಭ್ಯವಿರುವುದಿಲ್ಲ'. ಕೆಳಗೆ ಸೀಲು ಮಾತ್ರ ಚೆನ್ನಾಗಿ ಬಿದ್ದಿತ್ತು.

ಅಮೆರಿಕದವರು ಏನೋ ಮುಚ್ಚಿಟ್ಟಿದ್ದಾರೆ ಎಂದು ನಿಮಗೆ ಇಷ್ಟು ಸಿಟ್ಟು ಬರುತ್ತದಲ್ಲ, ಆ ಸಿಟ್ಟಿನಲ್ಲಿ ಕಾಲು ಭಾಗ ಊರಿಗೂ ಉಳಿಸಿಕೊಳ್ಳಿ. ನಿಮ್ಮ ತಾಲ್ಲೂಕು ಕಚೇರಿಗೆ ಹೋಗಿ ಐವತ್ತು ವರ್ಷ ಹಿಂದಿನ ಯಾವುದಾದರೂ ಕಡತ ಕೇಳಿ. ಏನು ಕೊಟ್ಟರು, ಏನಂದರು ಎಂದು ಬರೆಯಿರಿ, ಖಂಡಿತ ಹಾಕುತ್ತೇನೆ.

ಸಂ.