ಸೈಕಲ್‌ನವರು ನಡುವಿಗೆ ಯಾಕೆ ಬರುತ್ತಾರೆ?

(ಕಲಬುರಗಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ದಿನಾ ಸಂಜೆ ಅವರು ಕಪನೂರಿನ ಕಡೆಯಿಂದ ಹುಮನಾಬಾದ್ ರಸ್ತೆ ಹಿಡಿದು ಕಾರಿನಲ್ಲಿ ಮನೆಗೆ ಬರುತ್ತಾರೆ. ಬೇಳೆ ಮಿಲ್ಲಿನವರು, ಕಟ್ಟಡ ಕೆಲಸದವರು ಸೈಕಲ್ ಹತ್ತುವುದೂ ಅದೇ ಹೊತ್ತಿಗೆ. "ಹಾರ್ನ್ ಹೊಡೆದರೂ ಸರಿಯುವುದಿಲ್ಲ. ಅಂಚಿನಲ್ಲಿ ಇದ್ದವರು ಇದ್ದಕ್ಕಿದ್ದಂತೆ ನಡುವಿಗೆ ಬರುತ್ತಾರೆ. ಲೈಟ್ ಇಲ್ಲ, ರಾಂಗ್ ಸೈಡಿನಲ್ಲೂ ಬರುತ್ತಾರೆ. ರೋಡ್ ಟ್ಯಾಕ್ಸ್ ಕಟ್ಟುವವರು ನಾವು. ನೀವು ಯಾವಾಗಲೂ ಅವರ ಪರವೇ ಯಾಕೆ ಬರೆಯುತ್ತೀರಿ?" ಇದು ಅವರ ಪ್ರಶ್ನೆ. ಕೊನೆಯ ಪುಟದಲ್ಲಿ ಇನ್ನೊಂದು ಮಾತಿದೆ. ಎಂಟನೇ ಕ್ಲಾಸಿನ ಮಗಳು ಶಾಲೆಗೆ ಹೋಗಲು ಸೈಕಲ್ ಕೇಳುತ್ತಿದ್ದಾಳೆ. ಅವರು ಬೇಡ ಅಂದಿದ್ದಾರೆ.)

ಸರ್, ಶರಣು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇದೆ ಅನ್ನಿಸಿತು. ಎಲ್ಲಿ ಯಾರಿಗೆ ತಾಗಿಸಿಬಿಡುತ್ತೇನೋ ಅನ್ನುವ ಹೆದರಿಕೆ ಅದು. ಅದು ಇರುವ ಡ್ರೈವರ್ ಒಳ್ಳೆಯ ಡ್ರೈವರ್. ಹಾಗಾಗಿ ಬಿಡಿಸಿ ಬರೆಯುತ್ತೇನೆ.

ರಾಂಗ್ ಸೈಡ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. "ಎದುರಿನ ಗಾಡಿ ಕಣ್ಣಿಗೆ ಕಾಣಿಸುತ್ತೆ, ಹಿಂದಿನದು ಕಾಣಿಸಲ್ಲ" ಎಂದು ತುಂಬಾ ಜನ ಹಾಗೆ ಹೋಗುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಕಾರು ಗಂಟೆಗೆ 40 ಕಿಲೋಮೀಟರ್, ಸೈಕಲ್ 15. ಒಂದೇ ದಿಕ್ಕಿನಲ್ಲಿ ಹೋಗುವಾಗ ಇಬ್ಬರೂ ಹತ್ತಿರವಾಗುವ ವೇಗ 25. ಎದುರುಬದುರು ಬಂದರೆ 55. ದೂರ 50 ಮೀಟರ್ ಇದ್ದರೆ, ಮೊದಲನೆಯದರಲ್ಲಿ ನಿಮಗೆ ಸಿಗುವುದು 7 ಸೆಕೆಂಡ್. ಎರಡನೆಯದರಲ್ಲಿ ಬರೀ 3 ಸೆಕೆಂಡ್ ಚಿಲ್ಲರೆ. ಸೈಕಲ್ ಓಡಿಸುವ ಅಣ್ಣ ತಮ್ಮಂದಿರು ಇದನ್ನು ಓದುತ್ತಿದ್ದರೆ ದಯವಿಟ್ಟು ಎಡಗಡೆಯೇ ಹೋಗಿ. ಯೂಟರ್ನ್ ದೂರ ಆದರೆ ಇಳಿದು ತಳ್ಳಿಕೊಂಡು ದಾಟಿ.

ಆದರೆ "ನಡುವಿಗೆ ಬರುತ್ತಾರೆ" ಅಂದಿರಲ್ಲ, ಅಲ್ಲಿ ನಿಮ್ಮ ಜೊತೆ ಜಗಳ ಆಡಲೇಬೇಕು. ಸಂಜೆ ಒಂದು ಸಲ ಕಾರು ನಿಲ್ಲಿಸಿ, ಆ ರಸ್ತೆಯ ಎಡ ಅಂಚಿನಲ್ಲಿ ಸ್ವಲ್ಪ ದೂರ ನಡೆದು ನೋಡಿ. ಡಾಂಬರು ಕಿತ್ತು ಹೋಗಿರುತ್ತದೆ. ಅಂಚಿಗೂ ಮಣ್ಣಿಗೂ ಗೇಣುದ್ದದ ಇಳಿಜಾರು. ಗಾಡಿಗಳು ತಳ್ಳಿದ ಮರಳು, ಜಲ್ಲಿ ಎಲ್ಲಾ ಅಲ್ಲೇ ಗುಡ್ಡೆ. ಟಂಟಂ ಆಟೋ ನಿಲ್ಲುವುದೂ ಅಲ್ಲೇ. ಇನ್ನು ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬಂದ ಎರೆ ಮಣ್ಣು ರಸ್ತೆ ಮೇಲೆ ಲೇಪ ಬಳಿದ ಹಾಗೆ ಕೂತಿರುತ್ತದೆ. ನಮ್ಮ ಎರೆ ಮಣ್ಣು ಒದ್ದೆಯಾದರೆ ಹೇಗೆ ಜಾರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸೈಕಲ್ ಟೈರ್ ಎಷ್ಟು ಸಣ್ಣದು, ಅಲ್ವಾ? ಅದು ಜಾರಿದರೆ ಬೀಳುವುದು ಬಲಕ್ಕೆ, ನಿಮ್ಮ ಗಾಲಿಯ ಮುಂದಕ್ಕೆ ಆಗಬಹುದು. ಅದನ್ನೆಲ್ಲ ತಪ್ಪಿಸಲು ಆ ಮನುಷ್ಯ ಮೂರಡಿ ಬಲಕ್ಕೆ ಬರುತ್ತಾನೆ. ಸುಮ್ನೆ ಬರುವುದಿಲ್ಲ.

ನಿಜ ಹೇಳಬೇಕೆಂದರೆ, ಅವನು ಮೊದಲೇ ಅಂಚಿನಿಂದ ಎರಡು ಮೂರು ಅಡಿ ಒಳಗೆ, ಒಂದೇ ಗೆರೆಯಲ್ಲಿ ಹೋಗುವುದು ಕ್ಷೇಮ. ಅಂಚಿಗೆ ಅಂಟಿಕೊಂಡು ಹೋಗುವವನೇ ಗುಂಡಿ ಬಂದಾಗ ತಟ್ಟನೆ ಹೊರಳುತ್ತಾನೆ. ನಾವು ಹಾರ್ನ್ ಹೊಡೆದು ಹೊಡೆದು ಅವನನ್ನು ಅಂಚಿಗೆ ತಳ್ಳುತ್ತೇವೆ. ಆಮೇಲೆ ಯಾಕೆ ಹೊರಳಿದ ಎಂದು ಬೈಯುತ್ತೇವೆ.

ಹಾಗಾದರೆ ಎಷ್ಟು ಜಾಗ ಬಿಡಬೇಕು? ಜರ್ಮನಿಯಲ್ಲಿ 2020ರಿಂದ ಕಾನೂನೇ ಇದೆ. ಗಾಡಿಯವರು ಸೈಕಲ್ಲನ್ನು ಹಿಂದೆ ಹಾಕುವಾಗ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ 2 ಮೀಟರ್. ಒಂದೂವರೆ ಮೀಟರ್ ಅಂದರೆ ಹತ್ತಿರ ಹತ್ತಿರ ಐದು ಅಡಿ. ಸೈಕಲ್‌ನವನು ಪಕ್ಕಕ್ಕೆ ಬಿದ್ದರೂ ಅವನ ತಲೆ ನಿಮ್ಮ ಗಾಲಿಗೆ ಸಿಗಬಾರದು, ಅಷ್ಟು ಜಾಗ. ಅಷ್ಟು ಸಿಗದಿದ್ದರೆ ಹಿಂದೆಯೇ ಬನ್ನಿ. 15ರ ವೇಗದ ಸೈಕಲ್ ಹಿಂದೆ 10 ಸೆಕೆಂಡ್ ಹೋದರೆ, 40ರಲ್ಲಿ ಹೋಗುವ ನೀವು ಕಳೆದುಕೊಳ್ಳುವುದು ಸುಮಾರು 6 ಸೆಕೆಂಡ್. ರಿಂಗ್ ರೋಡ್ ಸಿಗ್ನಲ್ಲಿನಲ್ಲಿ ನಿಂತಾಗ ಇದರ ಎಷ್ಟೋ ಪಟ್ಟು ಹೊತ್ತು ಹೋಗುತ್ತದೆ.

ಲೈಟ್ ಇಲ್ಲ ಅನ್ನುವುದೂ ನಿಜ. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ರಿಫ್ಲೆಕ್ಟರ್ ಹಾಕಿಸಲು ದೊಡ್ಡ ದುಡ್ಡೇನೂ ಬೇಡ. ತೊಗರಿ ಸುಗ್ಗಿಯ ದಿನಗಳಲ್ಲಿ ಬೇಗ ಕತ್ತಲಾಗುತ್ತದೆ, ಆಗಂತೂ ಬೇಕೇ ಬೇಕು. ಮಿಲ್ಲಿನ ಮಾಲೀಕರು ತಮ್ಮ ಕೆಲಸಗಾರರ ಸೈಕಲ್‌ಗಳಿಗೆ ತಾವೇ ಹಾಕಿಸಿಕೊಟ್ಟರೆ ಎಷ್ಟು ಚೆನ್ನ! ಆ ಕಡೆ ನಿಮಗೆ ಪರಿಚಯ ಇದ್ದವರಿಗೆ ಒಂದು ಮಾತು ಹೇಳಿ. ಹಾಗೆಯೇ ನಾವೂ ಊರೊಳಗೆ ಹೈ ಬೀಮ್ ಹಾಕುವುದನ್ನು ಬಿಡಬೇಕು. ಎದುರಿನ ಗಾಡಿಯ ಲೈಟ್ ಕಣ್ಣಿಗೆ ಹೊಡೆದಾಗ ಮುಂದಿನ ಸೈಕಲ್ ಕತ್ತಲಲ್ಲಿ ಮಾಯವಾಗಿಬಿಡುತ್ತದೆ.

ರೋಡ್ ಟ್ಯಾಕ್ಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆ ಕೆಲಸಗಾರ ಕೊಳ್ಳುವ ಸೋಪು, ಚಪ್ಪಲಿ ಎಲ್ಲದರಲ್ಲೂ ತೆರಿಗೆ ಇದೆ. ರಸ್ತೆಯನ್ನು ಸವೆಸುವುದೂ ಅವನ ಸೈಕಲ್ ಅಲ್ಲ.

ಇನ್ನೊಂದು, ನನ್ನದೇ ಅನುಭವ. ಸುಮಾರು 15 ವರ್ಷದ ಹಿಂದೆ, ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆ ಸೈಕಲ್‌ನಲ್ಲಿ ಹೋಗುತ್ತಿದ್ದೆ. ಬದಿಗೆ ನಿಂತಿದ್ದ ಕಾರಿನ ಬಾಗಿಲು ಫಟ್ ಅಂತ ತೆರೆಯಿತು. ಎದೆಗೆ ಬಡಿದು ರಸ್ತೆ ನಡುವೆ ಬಿದ್ದೆ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಇವತ್ತು ಈ ಉತ್ತರ ಬರೆಯುತ್ತಿದ್ದೇನೆ. ಅವರು ಸೈಕಲ್‌ನಿಂದ ದೂರ ಉಳಿದು ನಿಧಾನ ಬರುತ್ತಿದ್ದರು, ಅದಕ್ಕೇ ನಿಲ್ಲಿಸಲು ಆಯಿತು. ಕಾರಿನವರು ಕೆಟ್ಟವರಲ್ಲ, ಹಿಂದೆ ನೋಡಿರಲಿಲ್ಲ ಅಷ್ಟೇ. ಇದಕ್ಕೆ ಒಂದು ಸುಲಭ ಅಭ್ಯಾಸ ಇದೆ. ಬಲ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಕೈ ಚಾಚಲು ಮೈ ತಿರುಗಲೇಬೇಕು, ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ಬ್ರಿಟನ್ನಿನ ರಸ್ತೆ ನಿಯಮಗಳಲ್ಲಿ 2022ರಲ್ಲಿ ಇದನ್ನು ಸೇರಿಸಿದರು. ನಾನು ಈಗ ಯಾರ ಕಾರಿನಲ್ಲಿ ಕೂತರೂ ಹೀಗೆಯೇ ಇಳಿಯುತ್ತೇನೆ.

ಬಿದ್ದವರನ್ನು ಎತ್ತಿಕೊಂಡು ಹೋದರೆ ಕೇಸು ಮೈಮೇಲೆ ಬರುತ್ತದೆ ಎಂದೂ ಬರೆದಿದ್ದೀರಿ. ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಕಲಂ ಸೇರಿದೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಎಂದು ಬಲವಂತ ಮಾಡುವಂತೆಯೂ ಇಲ್ಲ.

ಈಗ ಮಗಳ ವಿಷಯ. ಕೊಡಿಸಿ ಸರ್. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹಳ್ಳಿಗಳ ಎಷ್ಟೋ ಹುಡುಗಿಯರು ಹೈಸ್ಕೂಲಿಗೆ ಹೋದದ್ದು ಅದರ ಮೇಲೆಯೇ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಬೆರಳು ನೆಲಕ್ಕೆ ತಾಗುವಷ್ಟು ಎತ್ತರ ಇಡಿಸಿ. ಎರಡೂ ಬ್ರೇಕ್ ನೀವೇ ಒತ್ತಿ ನೋಡಿ. ಹುಮನಾಬಾದ್ ರಸ್ತೆ, ರಿಂಗ್ ರೋಡ್ ಬಿಟ್ಟು ಒಳಗಿನ ಓಣಿಗಳ ದಾರಿ ಹುಡುಕಿ, ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ಲಾರಿ, ಬಸ್ಸು ನಿಂತಿದ್ದರೆ ಅದರ ಎಡಗಡೆ ನುಗ್ಗಬಾರದು ಎಂದು ಹತ್ತು ಸಲ ಹೇಳಿ. ಡ್ರೈವರ್ ಕೂರುವುದು ಬಲಕ್ಕೆ, ಎಡಗಡೆ ಗಾಲಿಯ ಹತ್ತಿರ ಇರುವ ಮಗು ಅವನಿಗೆ ಕಾಣಿಸುವುದಿಲ್ಲ. ಉದ್ದ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಗಾಲಿ ಒಳಗೆ ಸರಿದು ಬರುತ್ತದೆ.

ಮೊದಲ ವಾರ ನೀವೂ ಇನ್ನೊಂದು ಸೈಕಲ್ ತೆಗೆದುಕೊಂಡು ಅವಳ ಹಿಂದೆ ಹೋಗಿ. ಒಂದಡಿ ಬಲಕ್ಕೆ ಇರಿ. ಹಿಂದಿನಿಂದ ಬರುವ ಗಾಡಿಗಳು ನಿಮ್ಮನ್ನು ದಾಟಲು ಬಳಸಿಕೊಂಡು ಹೋಗುತ್ತವೆ, ಅವಳಿಗೆ ತಾನಾಗಿ ಜಾಗ ಸಿಗುತ್ತದೆ.