ಮಗ ಪ್ರಾರ್ಥನೆಗೆ ಕೂರುವುದಿಲ್ಲ ಎಂದಾಗ

ಈ ಸಲದ ಅಂಕಣಕ್ಕೆ ಮೂರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದರಂಥ ಪತ್ರಗಳು ಬೇರೆ ಬೇರೆ ಮನೆಗಳಿಂದ ಪದೇ ಪದೇ ಬರುತ್ತಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ದಿನವೂ ರಾತ್ರಿ ಮಲಗುವ ಮುಂಚೆ ಎಲ್ಲರೂ ಕೂತು ಬೈಬಲಿನ ಒಂದು ಅಧ್ಯಾಯ ಓದಿ ಪ್ರಾರ್ಥನೆ ಮಾಡುವುದು ನಮ್ಮ ಮನೆಯಲ್ಲಿ ಅತ್ತೆ ಮಾವಂದಿರ ಕಾಲದಿಂದಲೂ ತಪ್ಪದೆ ನಡೆದು ಬಂದಿದೆ. ದೊಡ್ಡ ಮಗನಿಗೆ 14 ವರ್ಷ. ಎರಡು ತಿಂಗಳಿಂದ ಅವನು ಪ್ರಾರ್ಥನೆಗೂ ಕೂರುವುದಿಲ್ಲ, ಭಾನುವಾರದ ಆರಾಧನೆಗೂ ಬರುವುದಿಲ್ಲ ಎಂದು ಹಟ ಹಿಡಿದಿದ್ದಾನೆ. "ನನಗೆ ನಂಬಿಕೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ, ಇರುವ ಹಾಗೆ ನಟಿಸಲು ಆಗುವುದಿಲ್ಲ" ಎನ್ನುತ್ತಾನೆ. ಈ ಮನೆಯಲ್ಲಿ ಇರುವವರೆಗೆ ಬರಲೇಬೇಕು ಎಂದು ನಮ್ಮ ಯಜಮಾನರು. ಈಗ ತಂದೆ ಮಗನ ನಡುವೆ ಮಾತೇ ನಿಂತಿದೆ. ಒಂಬತ್ತು ವರ್ಷದ ಮಗಳು ಎಲ್ಲವನ್ನೂ ನೋಡುತ್ತಿದ್ದಾಳೆ. ನಾನು ಯಾರ ಪಕ್ಷ ವಹಿಸಲಿ?
– ನೊಂದ ತಾಯಿ

ಉತ್ತರ: ಸಹೋದರಿ, ಮಗನ ಮಾತನ್ನು ನೀವು ಹೆಚ್ಚು ಕಡಿಮೆ ಮಾಡದೆ ಬರೆದಿದ್ದೀರಿ ಎಂದು ನಂಬುತ್ತೇನೆ. ಅವನು ದೇವರಿಲ್ಲ ಎಂದಿಲ್ಲ, ನಿಮ್ಮನ್ನು ಹೀಯಾಳಿಸಿಲ್ಲ, ನಟಿಸಲಾರೆ ಎಂದಿದ್ದಾನೆ. ದೇವರ ಮುಂದೆ ಸುಳ್ಳಾಡಬಾರದು ಎಂದು ಚಿಕ್ಕಂದಿನಲ್ಲಿ ಅವನಿಗೆ ಕಲಿಸಿದವರು ನೀವೇ ಅಲ್ಲವೇ? ಆ ಪಾಠವನ್ನು ಅವನು ಕಲಿತಿದ್ದಾನೆ, ನಿಮಗೆ ಸಂಕಟವಾಗುವ ರೀತಿಯಲ್ಲಿ ಕಲಿತಿದ್ದಾನೆ, ಅಷ್ಟೆ.

ಮಕ್ಕಳಿಗೆ ದೇವರ ಮಾತನ್ನು ಕಲಿಸುವ ವಿಷಯ ಬಂದಾಗಲೆಲ್ಲ ನಾವು ಧರ್ಮೋಪದೇಶಕಾಂಡದ 6ನೇ ಅಧ್ಯಾಯವನ್ನು ನೆನೆಯುತ್ತೇವೆ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಂದಿಗೆ ಈ ಮಾತುಗಳನ್ನು ಆಡಬೇಕು ಎನ್ನುವ 7ನೇ ವಚನ ಎಲ್ಲರಿಗೂ ಬಾಯಿಪಾಠ. ಅದಕ್ಕೆ ಹಿಂದಿನ ವಚನವನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತೇವೆ: ಈ ಮಾತುಗಳು ಮೊದಲು ನಿಮ್ಮ ಹೃದಯದಲ್ಲಿ ಇರಬೇಕು ಎಂದು ಅಲ್ಲಿ ಹೇಳಿರುವುದು ದೊಡ್ಡವರಿಗೆ. ಅದೇ ಅಧ್ಯಾಯದ 20ನೇ ವಚನದಲ್ಲಿ, ಮುಂದೆ ನಿಮ್ಮ ಮಗ ಈ ವಿಧಿಗಳ ಅರ್ಥವೇನು ಎಂದು ಕೇಳಿದಾಗ ನೀವು ಹೀಗೆ ಹೇಳಬೇಕು ಎಂಬ ಮಾತು ಬರುತ್ತದೆ. ಮಗ ಪ್ರಶ್ನೆ ಕೇಳುತ್ತಾನೆ ಎಂಬುದನ್ನು ಶಾಸ್ತ್ರ ಮೊದಲೇ ಎದುರುನೋಡಿದೆ. ಅದು ಕೊಡುವ ಉತ್ತರವಾದರೂ ಏನು? ಸುಮ್ಮನೆ ಕೂರು ಎಂದಲ್ಲ. ನಾವು ಐಗುಪ್ತದಲ್ಲಿ ಫರೋಹನಿಗೆ ದಾಸರಾಗಿದ್ದೆವು, ದೇವರು ನಮ್ಮನ್ನು ಅಲ್ಲಿಂದ ಬಿಡಿಸಿ ತಂದರು ಎಂಬ ಒಂದು ಕಥೆ, ತಂದೆ ತನ್ನ ಬಾಯಿಂದಲೇ ಹೇಳಬೇಕಾದ ಕಥೆ. ಮಾರ್ಟಿನ್ ಲೂಥರ್ 1529ರಲ್ಲಿ ಮನೆಯ ಯಜಮಾನರು ಮನೆಮಂದಿಗೆ ಕಲಿಸಲೆಂದು ಬರೆದ ಚಿಕ್ಕ ಉಪದೇಶ ಪುಸ್ತಕದಲ್ಲಿಯೂ ಒಂದೊಂದು ಆಜ್ಞೆಯ ಕೆಳಗೆ "ಇದರ ಅರ್ಥವೇನು?" ಎಂಬ ಪ್ರಶ್ನೆಯೇ ಇದೆ.

ನೀವಿಬ್ಬರೂ ನಿಮ್ಮ ಕಥೆಯನ್ನು ಮಗನಿಗೆ ಹೇಳಿದ್ದೀರಾ? ಪ್ರಾರ್ಥಿಸಿದ್ದು ಕೈಗೂಡದೆ ಹೋದ ದಿನಗಳನ್ನು, ದೇವರ ಮೇಲೆ ಮುನಿಸಿಕೊಂಡ ದಿನಗಳನ್ನು ಸೇರಿಸಿ? ಇದನ್ನು ಕೇಳುವುದಕ್ಕೆ ನನಗೊಂದು ಕಾರಣವಿದೆ. ನನ್ನ ಮಗಳು ಆ ವಯಸ್ಸಿನಲ್ಲಿ ಒಂದು ರಾತ್ರಿಯೂ ಪ್ರಾರ್ಥನೆ ತಪ್ಪಿಸಿದವಳಲ್ಲ. ಬೈಬಲಿನ ಗುರುತಿನ ದಾರವನ್ನು ತೋರುಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಬೆರಳ ತುದಿ ಬಿಳಿಚಿಕೊಳ್ಳುವವರೆಗೆ ಮತ್ತೆ ಸುತ್ತುತ್ತ ತಲೆ ತಗ್ಗಿಸಿ ಕೂತಿರುತ್ತಿದ್ದಳು. ನಾನು ಅದನ್ನು ಭಕ್ತಿ ಎಂದುಕೊಂಡೆ. ಆ ಹೊತ್ತಿನಲ್ಲಿ ತಾನು ಒಂದರಿಂದ ನೂರರವರೆಗೆ ಎಣಿಸುತ್ತಿದ್ದೆ, ನೂರು ಮುಗಿಯುವಷ್ಟರಲ್ಲಿ ಆಮೆನ್ ಬರುತ್ತಿತ್ತು ಎಂದು ಅವಳು ಹೇಳಿದ್ದು ಮದುವೆಯಾದ ಮೇಲೆ. ನನ್ನ ತಂದೆ ತೀರಿಕೊಂಡಾಗ ವರ್ಷವಿಡೀ ನನ್ನ ಬಾಯಿಂದಲೂ ಪ್ರಾರ್ಥನೆ ಹೊರಟಿರಲಿಲ್ಲ ಎಂದು ಆಗ ನಾನು ಬಾಯಿಬಿಟ್ಟೆ. "ಅಮ್ಮಾ, ಇದನ್ನು ಆವತ್ತೇ ಯಾಕೆ ಹೇಳಲಿಲ್ಲ?" ಎಂದು ಅವಳು ಕೇಳಿದಳು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ನಿಮ್ಮ ಮಗ ಮನಸ್ಸಿನಲ್ಲೇ ಎಣಿಸುತ್ತ ಕೂರದೆ ಎದುರಿಗೆ ಹೇಳಿದ್ದಾನೆ, ಹಾಗಾಗಿ ನನಗೆ ಸಿಗದಿದ್ದ ಅವಕಾಶ ನಿಮಗೆ ಸಿಕ್ಕಿದೆ.

ಆದರೂ ಎಲ್ಲವನ್ನೂ ಅವನ ಇಷ್ಟಕ್ಕೆ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಪಾಲು ತೆಗೆದುಕೊಂಡು ಮನೆ ಬಿಟ್ಟು ಹೋದವನ ಬಗ್ಗೆ ಯೇಸು ಹೇಳಿದ ಕಥೆಯಲ್ಲಿ, ಪೋಲಿಹೋದ ಮಗನ ಸಾಮ್ಯದಲ್ಲಿ, ತಂದೆ ಮಗನನ್ನು ತಡೆಯಲಿಲ್ಲವಲ್ಲ ಎನ್ನುವವರಿದ್ದಾರೆ. ಅಲ್ಲಿನ ಮಗ ಆಸ್ತಿಯ ಪಾಲು ಕೇಳುವ ವಯಸ್ಸಿನವನು, ನಿಮ್ಮವನು ಇನ್ನೂ ಹುಡುಗ. ನಿಮ್ಮ ಮನೆಗೆ ಹೆಚ್ಚು ಹೊಂದುವುದು ಲೂಕನ ಸುವಾರ್ತೆಯ 2ನೇ ಅಧ್ಯಾಯ. ಹನ್ನೆರಡು ವರ್ಷದ ಯೇಸು ಹೇಳದೆ ಕೇಳದೆ ಯೆರೂಸಲೇಮಿನಲ್ಲಿ ಉಳಿದುಬಿಟ್ಟಾಗ ತಂದೆತಾಯಿ ಹುಡುಕಿ ಹುಡುಕಿ ಮೂರು ದಿನದ ಮೇಲೆ ದೇವಾಲಯದಲ್ಲಿ ಕಂಡರು. ಅಲ್ಲಿ ಅವನು ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಲೂ ಅವರಿಗೆ ಪ್ರಶ್ನೆ ಹಾಕುತ್ತಲೂ ಇದ್ದನು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ತಾಯಿ ಆ ಸಂಗತಿಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಳು, ಮಗ ಅವರೊಂದಿಗೆ ಹೊರಟು ಬಂದು ಅವರಿಗೆ ಅಧೀನನಾಗಿದ್ದನು. ಪ್ರಶ್ನೆಯೂ ವಿಧೇಯತೆಯೂ ಒಂದೇ ಮನೆಯಲ್ಲಿ ಇರಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ನಾನಾಗಿದ್ದರೆ ಭಾನುವಾರ ಮಗನನ್ನು ಆರಾಧನೆಗೆ ಕರೆದುಕೊಂಡು ಹೋಗುತ್ತಿದ್ದೆ. ಹಾಡು ಎನ್ನುವುದಿಲ್ಲ, ಬಾಯಿಬಿಟ್ಟು ಪ್ರಾರ್ಥಿಸು ಎನ್ನುವುದಿಲ್ಲ, ಪ್ರಭು ಭೋಜನಕ್ಕೆ ಏಳು ಎಂದು ಮೊಣಕೈ ತಿವಿಯುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು, ಕುಟುಂಬದವನಾಗಿ ನಮ್ಮ ಪಕ್ಕದಲ್ಲಿ ಕೂತಿರು ಎಂದಷ್ಟೇ ಕೇಳುತ್ತಿದ್ದೆ. ರಾತ್ರಿಯ ಪ್ರಾರ್ಥನೆಯನ್ನು ಮಾತ್ರ ಅವನ ಮನಸ್ಸಿಗೆ ಬಿಡುತ್ತಿದ್ದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಗದ್ದಲ ಮಾಡಬಾರದು, ತಂಗಿಯನ್ನು ಅಣಕಿಸಬಾರದು, ಇವೆರಡೇ ಷರತ್ತು. ನಿಮ್ಮ ಸಭೆಯಲ್ಲಿ ದೃಢೀಕರಣದ, ಅಂದರೆ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳಲು ಸಿದ್ಧರಾಗುವ ತರಗತಿ ಈ ವಯಸ್ಸಿನಲ್ಲಿ ನಡೆಯುವುದಾದರೆ ಅದನ್ನು ಮುಂದಕ್ಕೆ ಹಾಕಲು ಸಭಾಪಾಲಕರನ್ನು ಕೇಳಿಕೊಳ್ಳಿ. ಒಬ್ಬನು ತನ್ನ ಬಾಯಿಂದ ತಾನೇ ಒಪ್ಪಿಕೊಳ್ಳಬೇಕಾದ ಪ್ರಮಾಣವನ್ನು ತಂದೆತಾಯಿಯ ಮರ್ಯಾದೆ ಉಳಿಸಲು ಹೇಳಿಸುವುದು ಸರಿಯಲ್ಲ. ದಿನವೂ ಇಡೀ ಅಧ್ಯಾಯ ಓದಲೇಬೇಕೆಂಬ ನೇಮವನ್ನೂ ಸ್ವಲ್ಪ ಸಡಿಲಿಸಿ. 117ನೇ ಕೀರ್ತನೆಯಲ್ಲಿ ಇರುವುದು ಎರಡೇ ವಚನ, ದಣಿದ ರಾತ್ರಿಗೆ ಅದು ಸಾಕು.

ಇವೆಲ್ಲಕ್ಕಿಂತ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಇಷ್ಟು ದಿನ ಬರುತ್ತಿದ್ದ ಹುಡುಗ ಏಕಾಏಕಿ ಬರುವುದಿಲ್ಲ ಎಂದರೆ, ಅಲ್ಲಿ ಯಾರಾದರೂ ಅವನನ್ನು ಅವಮಾನಿಸಿರಬಹುದು, ಅದಕ್ಕಿಂತ ಕೆಟ್ಟದಾಗಿ ನಡೆದುಕೊಂಡಿರಬಹುದು. ಗದರದೆ, ಒಬ್ಬನೇ ಇರುವಾಗ ಕೇಳಿ. ಹಾಗೇನಾದರೂ ಇದ್ದರೆ ನಾನು ಮೇಲೆ ಹೇಳಿದ್ದೆಲ್ಲ ಆಮೇಲಿನದು; ಮೊದಲು ಮಗನ ರಕ್ಷಣೆ, ಎದುರಿಗಿರುವವರು ಎಷ್ಟು ದೊಡ್ಡ ಸ್ಥಾನದವರಾದರೂ ಸರಿ. ಊಟ, ನಿದ್ದೆ, ಗೆಳೆಯರು ಯಾವುದೂ ಬೇಡವಾಗಿದ್ದರೆ ವೈದ್ಯರಿಗೆ ತೋರಿಸಿ.

ಪ್ರಾರ್ಥನೆ ನಿಂತದ್ದಕ್ಕಿಂತ ತಂದೆ ಮಗನ ಮಾತು ನಿಂತದ್ದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಮೆಥೊಡಿಸ್ಟ್ ಚಳವಳಿಯನ್ನು ಕಟ್ಟಿದ ಜಾನ್ ವೆಸ್ಲಿಯ ತಾಯಿ ಸುಸಾನಾ ವೆಸ್ಲಿ, ಮನೆ ತುಂಬ ಮಕ್ಕಳಿದ್ದರೂ ವಾರದಲ್ಲಿ ಒಂದು ಸಂಜೆಯನ್ನು ಒಂದೊಂದು ಮಗುವಿನೊಂದಿಗೆ ಪ್ರತ್ಯೇಕವಾಗಿ ಮಾತನಾಡಲೆಂದು ಎತ್ತಿಟ್ಟಿದ್ದರು. ಜಾನ್‌ನ ಪಾಲಿಗೆ ಬಂದದ್ದು ಗುರುವಾರ. ನಿಮ್ಮ ಯಜಮಾನರು ಅಂಥದೊಂದು ಸಂಜೆಯನ್ನು ಮಗನಿಗೆ ಕೊಡಲಿ, ಮೊದಲ ಕೆಲವು ವಾರ ಪ್ರಾರ್ಥನೆಯ ಸುದ್ದಿಯನ್ನೇ ಎತ್ತದಿರಲಿ. ಯಾರ ಪಕ್ಷ ಎಂದು ಕೇಳಿದ್ದೀರಿ. ಗಂಡ ಹೆಂಡತಿ ಇಬ್ಬರೂ ಕದ ಹಾಕಿಕೊಂಡು ಎಷ್ಟು ಬೇಕಾದರೂ ವಾದಿಸಿ, ಹೊರಗೆ ಬಂದು ಒಂದೇ ಮಾತು ಹೇಳಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮಗನ ಮೂಲಕ ಮುಟ್ಟಿಸಬೇಡಿ. ಮಗಳಿಗೂ ನೇರವಾಗಿಯೇ ಹೇಳಿ: ಅಣ್ಣ ಯೋಚನೆ ಮಾಡುತ್ತಿದ್ದಾನೆ, ನಾವು ಅವನನ್ನು ಮೊದಲಿನಷ್ಟೇ ಪ್ರೀತಿಸುತ್ತೇವೆ. ಒಂಬತ್ತು ವರ್ಷದವರಿಗೆ ಅದು ಅರ್ಥವಾಗುತ್ತದೆ.

ಪ್ರಶ್ನೆ: ಆರು ವರ್ಷದ ಮಗ ಸುಳ್ಳು ಹೇಳಿದನೆಂದು ಹೋದ ವಾರ ಸ್ಕೇಲಿನಿಂದ ಅಂಗೈಗೆ ಹೊಡೆದೆ. ಬಾಸುಂಡೆ ಎದ್ದಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ತಂದೆಯವರು, ಬೆತ್ತ ಹಿಡಿಯದ ತಂದೆ ಮಗನಿಗೆ ಶತ್ರು ಎಂದು ಜ್ಞಾನೋಕ್ತಿ ಹೇಳುತ್ತದೆ, ನೀನು ಮಾಡಿದ್ದು ಸರಿ ಎನ್ನುತ್ತಾರೆ. ಹೆಂಡತಿ ಒಪ್ಪುವುದಿಲ್ಲ.
– ಒಬ್ಬ ತಂದೆ

ಉತ್ತರ: ಸಹೋದರರೇ, ನಿಮ್ಮ ತಂದೆಯವರು ಇಲ್ಲದ ವಚನವನ್ನು ಹೇಳುತ್ತಿಲ್ಲ. ಜ್ಞಾನೋಕ್ತಿಗಳು 13:24ರಲ್ಲಿ ಆ ಮಾತಿದೆ, 23ನೇ ಅಧ್ಯಾಯದಲ್ಲಿ ಇನ್ನೂ ಕಟುವಾಗಿಯೇ ಇದೆ. ಅಲ್ಲಿ ಹೊಡೆಯುವ ಮಾತೇ ಇಲ್ಲ ಎಂದು ನಿಮ್ಮನ್ನು ಸಮಾಧಾನಪಡಿಸುವುದು ಪ್ರಾಮಾಣಿಕತೆ ಆಗಲಾರದು. ಆದರೆ ಹಟಮಾರಿ ಮಗನನ್ನು ಊರ ಹಿರಿಯರ ಮುಂದೆ ಕರೆತಂದು ಕಲ್ಲೆಸೆದು ಕೊಲ್ಲಬೇಕು ಎಂಬ ವಿಧಿಯೂ ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿದೆ. ಅದನ್ನು ಯಾವ ಕ್ರೈಸ್ತ ತಂದೆಯೂ ತನಗೆ ಕೊಟ್ಟ ಅಪ್ಪಣೆ ಎಂದು ಓದುವುದಿಲ್ಲ. ಕ್ರಿಸ್ತನ ನಡೆಯ ಬೆಳಕಿನಲ್ಲಿ ಹಳೆಯ ಒಡಂಬಡಿಕೆಯನ್ನು ಓದುವುದು ನಮಗೆ ಹೊಸದೇನಲ್ಲ, ಬೆತ್ತದ ವಚನಕ್ಕೆ ಬಂದಾಗ ಮಾತ್ರ ಅದನ್ನು ಮರೆಯುತ್ತೇವೆ. ಆ ವಚನದಲ್ಲಿ ಬೆತ್ತ ಎಂದು ಅನುವಾದವಾದ ಹೀಬ್ರೂ ಪದ 'ಶೇವೆಟ್'. 23ನೇ ಕೀರ್ತನೆಯಲ್ಲಿ, ಕತ್ತಲ ಕಣಿವೆಯಲ್ಲಿ ನಡೆಯುವಾಗ ಧೈರ್ಯ ಕೊಡುತ್ತದೆ ಎಂದು ದಾವೀದನು ಹಾಡುವ ಕುರುಬನ ಕೋಲಿಗೂ ಅದೇ ಪದ. ನಿಮ್ಮ ಮಗನಿಗೆ ಆ ಸ್ಕೇಲು ಎಂದಾದರೂ ಧೈರ್ಯ ಕೊಟ್ಟೀತೇ?

ಪೌಲನು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆದದ್ದನ್ನು ನಿಮ್ಮ ತಂದೆಯವರೊಂದಿಗೆ ಕೂತು ಓದಿ. ಮಕ್ಕಳ ಮೇಲೆ ತಂದೆಗೆ ಜೀವ ತೆಗೆಯುವಷ್ಟು ಅಧಿಕಾರವನ್ನು ಕಾನೂನೇ ಕೊಟ್ಟಿದ್ದ ರೋಮನ್ ಕಾಲದಲ್ಲಿ, ಮಕ್ಕಳನ್ನು ಕೆಣಕಿ ಕೋಪಗೊಳಿಸಬೇಡಿ, ಅವರು ಮನಗುಂದಿಯಾರು ಎಂದು ಅವನು ಹೇಳಿದ್ದು ತಂದೆಯರಿಗೆ. ಮೇಲೆ ಹೊಗಳಿದ ಸುಸಾನಾ ವೆಸ್ಲಿ ಕೂಡ ಒಂದು ವರ್ಷದ ಕೂಸುಗಳಿಗೇ ಬೆತ್ತದ ಭಯ ಹುಟ್ಟಿಸಿ, ಅತ್ತರೂ ಮೆಲ್ಲಗೆ ಅಳಬೇಕೆಂದು ಕಲಿಸಿದವರು. ಅದನ್ನು ಓದುವಾಗ ನನಗೆ ಈಗಲೂ ಎದೆ ಹಿಂಡುತ್ತದೆ. ಒಳ್ಳೆಯವರು ಮಾಡಿದರೆಂಬ ಕಾರಣಕ್ಕೆ ಅದು ಒಳ್ಳೆಯದಾಗುವುದಿಲ್ಲ. ಸ್ವೀಡನ್ 1979ರಲ್ಲಿ, ಜಗತ್ತಿನಲ್ಲೇ ಮೊದಲನೆಯದಾಗಿ, ಮನೆಯಲ್ಲಿಯೂ ಮಕ್ಕಳನ್ನು ಹೊಡೆಯುವುದನ್ನು ಕಾನೂನಿನಿಂದ ನಿಷೇಧಿಸಿತು. ಆಮೇಲೆ ಅನೇಕ ದೇಶಗಳು ಅದೇ ಹಾದಿ ಹಿಡಿದಿವೆ.

ಆರು ವರ್ಷದ ಮಗು ಸುಳ್ಳು ಹೇಳುವುದು ಬಹುಪಾಲು ಹೆದರಿಕೆಯಿಂದ. ಹೊಡೆತ ಬಿದ್ದಷ್ಟೂ ಅದು ಸುಳ್ಳನ್ನು ಬಿಡುವುದಿಲ್ಲ, ಸಿಕ್ಕಿಬೀಳದಂತೆ ಹೇಳುವುದನ್ನು ಕಲಿಯುತ್ತದೆ. ಲೋಟ ಒಡೆದದ್ದಕ್ಕೆ ಸುಳ್ಳಾಡಿದರೆ ಚೂರುಗಳನ್ನು ನೀವು ಎತ್ತಿ, ನೆಲವನ್ನು ಅವನೇ ಒರೆಸಲಿ. ನಿಜ ಹೇಳಿದ ದಿನ ಶಿಕ್ಷೆ ಹಗುರವಾಗುತ್ತದೆ ಎಂಬುದು ಅವನ ಅನುಭವಕ್ಕೆ ಬರಲಿ. ಮತ್ತೆ ಇನ್ನೊಂದು ಕೆಲಸ, ಇದನ್ನು ನಾಳೆಗೆ ಇಡಬೇಡಿ. ಮಗನ ಎತ್ತರಕ್ಕೆ ಕೆಳಗೆ ಕೂತು, ಆ ಅಂಗೈಯನ್ನು ಕೈಯಲ್ಲಿ ಹಿಡಿದು, "ನೀನು ಸುಳ್ಳು ಹೇಳಿದ್ದು ತಪ್ಪು, ಅಪ್ಪ ಹೊಡೆದದ್ದೂ ತಪ್ಪು, ನನ್ನನ್ನು ಕ್ಷಮಿಸು" ಎಂದು ಕೇಳಿ. ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ಪ್ರತಿದಿನ ಪ್ರಾರ್ಥಿಸುವ ಮನೆಯಲ್ಲಿ, ದೊಡ್ಡವರು ಮನುಷ್ಯರ ಹತ್ತಿರವೂ ಕ್ಷಮೆ ಕೇಳುತ್ತಾರೆ ಎಂಬುದನ್ನು ಮಗು ಕಣ್ಣಾರೆ ನೋಡಬೇಕು. ನಿಮ್ಮ ತಂದೆಯವರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ಕಥೋಲಿಕಳು, ನನ್ನವರು ಬ್ಯಾಪ್ಟಿಸ್ಟ್ ಸಭೆಯವರು. ನನಗೀಗ ಏಳು ತಿಂಗಳು. ಕೂಸಿಗೆ ದೀಕ್ಷಾಸ್ನಾನ ಕೊಡಿಸಬೇಕೆಂದು ನಮ್ಮಮ್ಮ, ದೊಡ್ಡದಾಗಿ ತಾನೇ ನಂಬಿದ ಮೇಲೆ ತೆಗೆದುಕೊಳ್ಳಲಿ ಎಂದು ನಮ್ಮತ್ತೆ. ಏನು ಮಾಡುವುದು?
– ತಾಯಿಯಾಗಲಿರುವವಳು

ಉತ್ತರ: ತಂಗೀ, ಇಬ್ಬರು ಅಜ್ಜಿಯರೂ ತಮ್ಮ ತಮ್ಮ ಸಭೆಯ ಬೋಧನೆಯನ್ನೇ ಹೇಳುತ್ತಿದ್ದಾರೆ. ಕಥೋಲಿಕ, ಆರ್ಥೊಡಾಕ್ಸ್, ಆಂಗ್ಲಿಕನ್, ಲೂಥರನ್, ಮೆಥೊಡಿಸ್ಟ್ ಸಭೆಗಳಲ್ಲಿ ಕೂಸುಗಳಿಗೆ ದೀಕ್ಷಾಸ್ನಾನವಿದೆ. ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಗಳಲ್ಲಿ ಸ್ವಂತ ನಂಬಿಕೆಯನ್ನು ಅರಿಕೆ ಮಾಡಿದವರಿಗೆ ಮಾತ್ರ. ಮದುವೆಗೆ ಅನುಮತಿ ಪಡೆಯುವಾಗ, ಮಕ್ಕಳಿಗೆ ಕಥೋಲಿಕ ಧರ್ಮಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆ ಎಂದು ನೀವು ಮಾತು ಕೊಟ್ಟಿರುತ್ತೀರಿ. 1983ರ ಧರ್ಮಸಭಾ ಕಾನೂನಿನ 1125ನೇ ವಿಧಿ ಅದನ್ನು ಕೇಳುತ್ತದೆ. ನಿಮ್ಮವರಿಗೆ ಆ ಮಾತನ್ನು ತಿಳಿಸಿರಬೇಕು ಎಂದೂ ಅದು ಹೇಳುತ್ತದೆ, ಅವರಿಂದ ಮಾತು ಕೇಳುವುದಿಲ್ಲ. ಹಾಗಾಗಿ ಅವರ ಮನಸ್ಸಾಕ್ಷಿಯನ್ನು ಬದಿಗೊತ್ತಿ ನಡೆಯುವಂತಿಲ್ಲ.

ಒಂದು ಎಚ್ಚರಿಕೆ ಮಾತ್ರ ಇರಲಿ. ಎರಡೂ ಕಡೆಯವರನ್ನು ಸಂತೋಷಪಡಿಸಲೆಂದು ಈಗೊಮ್ಮೆ ಮುಂದೊಮ್ಮೆ ಎಂದು ಎರಡು ದೀಕ್ಷಾಸ್ನಾನಗಳನ್ನು ಲೆಕ್ಕ ಹಾಕಬೇಡಿ. ಕಥೋಲಿಕ ಧರ್ಮಸಭೆ ಅದನ್ನು ಮರುಕಳಿಸಲು ಒಪ್ಪುವುದಿಲ್ಲ, ಬ್ಯಾಪ್ಟಿಸ್ಟರು ಮೊದಲನೆಯದನ್ನು ಸಾಮಾನ್ಯವಾಗಿ ದೀಕ್ಷಾಸ್ನಾನವೆಂದೇ ಎಣಿಸುವುದಿಲ್ಲ. ನಡುವೆ ನೋಯುವುದು ಮಗು. ಅನೇಕ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಕೂಸನ್ನು ದೇವರಿಗೆ ಸಮರ್ಪಿಸಿ ಪ್ರಾರ್ಥಿಸುವ ಕ್ರಮವಿದೆ, ದೀಕ್ಷಾಸ್ನಾನವನ್ನು ಮುಂದಕ್ಕೆ ಬಿಡುವುದೆಂದು ನೀವಿಬ್ಬರೂ ನಿರ್ಧರಿಸಿದರೆ ಅದು ಇದೆ. ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ತಂದೆ ಗ್ರೀಕನು, ತಾಯಿ ನಂಬಿದ ಯೆಹೂದ್ಯಳು. ಆ ಮನೆಯಲ್ಲಿಯೂ ಇಂಥ ಚರ್ಚೆಗಳು ನಡೆದೇ ಇರುತ್ತವೆ. ಪೌಲನು ಅವನಿಗೆ ಬರೆಯುವಾಗ ಅಜ್ಜಿ ಲೋವಿಯ ಮತ್ತು ತಾಯಿ ಯೂನಿಕೆಯ ನಂಬಿಕೆಯನ್ನು ನೆನೆದನು.

ಏಳು ತಿಂಗಳೆಂದರೆ ಸಮಯ ಕಡಿಮೆ. ಈ ವಾರವೇ ನೀವಿಬ್ಬರೂ ಒಟ್ಟಿಗೆ, ಅಜ್ಜಿಯರನ್ನು ಬಿಟ್ಟು, ಮೊದಲು ನಿಮ್ಮ ವಿಚಾರಣಾ ಗುರುಗಳನ್ನೂ ಆಮೇಲೆ ಅವರ ಪಾಸ್ಟರನ್ನೂ ಕಂಡು ಮಾತನಾಡಿ. ತೀರ್ಮಾನವಾದ ಮೇಲೆ ನಿಮ್ಮಮ್ಮನಿಗೆ ನೀವು ಹೇಳಿ, ಅವರಮ್ಮನಿಗೆ ಅವರೇ ಹೇಳಲಿ.